ಎಂಜಿನ್ ಮೇಲಿಟ್ಟ ವೀಳ್ಯ

ಮೂರು ಎಂಜಿನ್ನೂ ತಮ್ಮಯ್ಯನ ಕೊಟ್ಟಿಗೆಯಲ್ಲೇ ಇದ್ದವು. ನನ್ನ ತಲೆ ಕೆಡಿಸಿದ್ದು ಅದೇ.

ಮಾರಿಕೊಂಡಿರುತ್ತಾನೆ, ಇಲ್ಲವೇ ಎಲ್ಲಾದರೂ ಬಚ್ಚಿಟ್ಟಿರುತ್ತಾನೆ, ಸುಳ್ಳು ಹೇಳಲು ಬಾಯಿ ತೆರೆದಾಗ ಹಿಡಿದುಹಾಕೋಣ ಎಂದು ಹಾಸನದಿಂದ ಅರಕಲಗೂಡಿಗೆ ಬೆಳಗಿನ ತಂಪಿನಲ್ಲೇ ಮೋಟಾರ್ ಸೈಕಲ್ ಹತ್ತಿ ಬಂದಿದ್ದೆ. ಬಂದು ನೋಡಿದರೆ ಮೂರೂ ಹುಲ್ಲಿನ ಮೇಲೆ ಸಾಲಾಗಿ ಕೂತಿವೆ. ನಡುವಿನದರ ಪಕ್ಕದಲ್ಲಿ ಕೋಳಿಯೊಂದು ಮೊಟ್ಟೆ ಇಟ್ಟು ಎದ್ದು ಹೋಗಿತ್ತು.

“ಇವು ಪಂದ್ಯ ಗೆದ್ದ ಎಂಜಿನ್ ಕಣಯ್ಯ,” ಎಂದೆ. “ಒಂದನ್ನಾದರೂ ನಿನ್ನ ಕಾರಿಗೆ ಹಾಕಿಲ್ಲವಲ್ಲ?”

“ಆಕ್ಬೇಕು ಸಾ. ಪುರುಸೊತ್ತಾಗಿಲ್ಲ.”

“ಮೂರು ಸಲ ದುಡ್ಡು ಕೊಟ್ಟು ಕೊಂಡೆ. ಆದರೂ ನಿನ್ನ ಹಳೇ ಎಂಜಿನ್ನಲ್ಲೇ ಓಡಿಸಿ ಮೂರು ಸಲವೂ ಕಡೆಗೆ ಬಂದೆ.”

ತಮ್ಮಯ್ಯ ಮೊಟ್ಟೆ ಎತ್ತಿಕೊಂಡು ಅದನ್ನೇ ತಿರುಗಿಸಿ ನೋಡತೊಡಗಿದ. ಅರವತ್ತರ ಹತ್ತಿರದ ಆಸಾಮಿ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಸುಳ್ಳು ಹೇಳಲು ಬಾರದ ಮುಖ ಅವನದು. ಅಂಥವರ ಬಾಯಲ್ಲಿ ಬೇರೆ ಯಾರೋ ಸುಳ್ಳು ಆಡಿಸುತ್ತಿದ್ದಾರೆ ಎಂದರೆ ನನಗೆ ಸಿಟ್ಟು ಜಾಸ್ತಿ ಬರುತ್ತದೆ.

ನಾನು ರಂಗಸ್ವಾಮಿ, ಹಾಸನದ ಬ್ರೇಕ್ ಇನ್ಸ್‌ಪೆಕ್ಟರ್. ಬಸ್ಸು ಲಾರಿಗಳ ಬ್ರೇಕ್ ಒತ್ತಿ ನೋಡುವುದು, ಡ್ರೈವರುಗಳಿಗೆ ಲೈಸೆನ್ಸ್ ಕೊಡುವುದು ನನ್ನ ಕೆಲಸ. ಮರಿಕಾರು ಪಂದ್ಯದ ಪರೀಕ್ಷಕನ ಕೆಲಸ ತಾನಾಗಿ ಬಂದು ಕೊರಳಿಗೆ ಬಿದ್ದದ್ದು.

ಮರಿಕಾರೆಂದರೆ ಕಬ್ಬಿಣದ ಪೈಪಿನ ಚೌಕಟ್ಟು, ಸ್ಕೂಟರಿನ ಗಾಲಿ, ಬೆನ್ನಹಿಂದೆ ಬಾವಿಯ ನೀರೆತ್ತುವ ಪಂಪಿನ ಎಂಜಿನ್. ಒಬ್ಬ ಮಂಡಿ ಮಡಚಿ ಕೂತರೆ ಜಾಗ ಮುಗಿಯಿತು. ಬೇಸಿಗೆಯಲ್ಲಿ ಕೆರೆಗಳು ಒಣಗಿದ ಮೇಲೆ ಕೆರೆಯಂಗಳದಲ್ಲಿ ಇವುಗಳ ಓಟ. ಮೊದಲೆರಡು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಕಾಸಿದ್ದವರು ಮದರಾಸಿನಿಂದ ಪಿಸ್ಟನ್ನು, ಕಾರ್ಬುರೇಟರು ತರಿಸತೊಡಗಿದರು. ಕಾಸಿಲ್ಲದವರು ಒಬ್ಬೊಬ್ಬರಾಗಿ ಕಾರು ಗುಜರಿಗೆ ಹಾಕಿದರು.

ಅದನ್ನು ನಿಲ್ಲಿಸಿದವರು ಹೊಳೆನರಸೀಪುರದ ದೊಡ್ಡತಾಯಮ್ಮ. ಅಕ್ಕಿ ಗಿರಣಿಯ ಒಡತಿ, ನಮ್ಮ ಮರಿಕಾರು ಸಂಘದ ಅಧ್ಯಕ್ಷೆ. “ದುಡ್ಡಿರೋನೇ ಗೆಲ್ಲೋದಾದ್ರೆ ಕಾರ್ ಯಾಕ್ರಪ್ಪಾ ಓಡುಸ್ತೀರಿ? ಗಂಟು ತಂದು ತಕ್ಕಡೀಲಿಡಿ, ತೂಗಿ ಕಪ್ ಕೊಟ್ಬುಡಾನ,” ಎಂದು ಸಭೆಯಲ್ಲಿ ಎದ್ದು ನಿಂತು ಒಂದು ಕಟ್ಟಳೆ ತಂದರು.

ಎಲ್ಲರದೂ ಒಂದೇ ನಮೂನೆಯ ಎಂಜಿನ್. ಅದಕ್ಕೆ ತಂತಿ ಸುತ್ತಿ ಸೀಸದ ಸೀಲು. ಪಂದ್ಯ ಮುಗಿದ ಮೇಲೆ ಸೋತವರಲ್ಲಿ ಯಾರು ಬೇಕಾದರೂ ಗೆದ್ದವನ ಎಂಜಿನ್ ಮೇಲೆ ಎರಡು ಎಲೆ, ಒಂದು ಅಡಿಕೆ ಇಡಬಹುದು. ಇಟ್ಟು ಮುನ್ನೂರು ರೂಪಾಯಿ ಕೊಟ್ಟರೆ ಎಂಜಿನ್ ಅವನದು. ಗೆದ್ದವನು ಒಲ್ಲೆ ಅನ್ನುವಂತಿಲ್ಲ. ಮೊದಲು ಇಟ್ಟ ವೀಳ್ಯಕ್ಕೆ ಮೊದಲ ಹಕ್ಕು.

ಈಗ ಹೇಳಿ, ಮುನ್ನೂರಕ್ಕೆ ಕಳೆದುಕೊಳ್ಳಬೇಕಾದ ಎಂಜಿನ್ನಿಗೆ ಸಾವಿರ ಸುರಿಯುವ ಮೂರ್ಖ ಯಾರು? ನಾನಂತೂ ಆ ಹೆಂಗಸಿನ ಬುದ್ಧಿಗೆ ಕೈ ಮುಗಿದೆ.

ಜೊತೆಗೆ ಇನ್ನೆರಡು ಮಾತು. ಎಂಜಿನ್ ಬಿಚ್ಚಿ ನೋಡುವ ಹಕ್ಕು ಅದನ್ನು ಕೊಂಡವನಿಗೆ ಮಾತ್ರ, ಪರೀಕ್ಷಕನಾದ ನನಗೂ ಇಲ್ಲ. ಬಿಚ್ಚಿದಾಗ ಒಳಗೆ ಕಳ್ಳ ಸಾಮಾನು ಸಿಕ್ಕರೆ ತಪ್ಪು ಅದನ್ನು ಓಡಿಸಿ ಗೆದ್ದವನದು. ಅವನ ಮೇಲೆ ಪೊಲೀಸು ಕೇಸು, ಲೈಸೆನ್ಸ್ ರದ್ದು.

ಇಷ್ಟಾಗಿಯೂ ಹೊಳೆನರಸೀಪುರದ ಇನ್ನೊಬ್ಬ ಗಿರಣಿ ಯಜಮಾನ ನಂಜಪ್ಪ ಈ ಬೇಸಿಗೆಯ ಮೊದಲ ಮೂರು ಪಂದ್ಯ ಗೆದ್ದ. ಮೂರು ಸಲವೂ ಉಳಿದವರು ದಾಕ್ಷಿಣ್ಯಕ್ಕೆ ಕೈ ಕಟ್ಟಿ ನಿಂತಿರುವಾಗ ತಮ್ಮಯ್ಯ ಓಡಿಹೋಗಿ ವೀಳ್ಯ ಇಟ್ಟ. ಹೋದ ಭಾನುವಾರ ನಾಲ್ಕನೆಯ ಸಲವೂ ನಂಜಪ್ಪನೇ ಗೆದ್ದ. ಆದರೆ ತಮ್ಮಯ್ಯನಿಗಿಂತ ಮುಂಚೆ ಎಲೆ ಇಟ್ಟವನು ಬಸ್ಸಿನ ಕ್ಲೀನರ್ ಚೆನ್ನಯ್ಯ. ಅರ್ಧ ಗಂಟೆಯೊಳಗೆ ಚೆನ್ನಯ್ಯನ ಕಾರಿನ ಸೀಲು ಹರಿದಿದೆ ಎಂದು ಗುಲ್ಲೆದ್ದಿತು. ಮೊದಲು ಕಂಡು ಹೇಳಿದವರು ದೊಡ್ಡತಾಯಮ್ಮನವರೇ. ಸೀಲು ಹರಿದವನಿಗೆ ಓಡಿಸುವ ಹಕ್ಕೂ ಇಲ್ಲ, ವೀಳ್ಯದ ಹಕ್ಕೂ ಇಲ್ಲ. ಆಗ ಎಂಜಿನ್ ಎರಡನೆಯ ವೀಳ್ಯ ಇಟ್ಟ ತಮ್ಮಯ್ಯನಿಗೆ.

ಇವತ್ತು ಮಧ್ಯಾಹ್ನ ಚನ್ನರಾಯಪಟ್ಟಣದ ಕೆರೆಯಂಗಳದಲ್ಲಿ ಕಡೆಯ ಪಂದ್ಯ. ಅದಕ್ಕೆ ಮುಂಚೆ ಚೆನ್ನಯ್ಯನ ತೀರ್ಮಾನ.

“ಒಂದನ್ನು ಬಿಚ್ಚೋಣ,” ಎಂದೆ.

ತಮ್ಮಯ್ಯ ಮೊಟ್ಟೆಯನ್ನು ಜೋಪಾನವಾಗಿ ಹುಲ್ಲಿನ ಮೇಲಿಟ್ಟ. “ಬಿಚ್ಚಿ ಸಾ. ನಂಗೇನು.”

ಸೀಲನ್ನು ಮೊದಲು ನೋಡಿದೆ. ಸೀಸದ ಮೇಲೆ ಸಂಘದ ಗುರುತು ಅಚ್ಚುಕಟ್ಟಾಗಿ ಕೂತಿತ್ತು, ತಂತಿ ಗಟ್ಟಿಯಾಗಿತ್ತು. ಆಮೇಲೆ ತಂತಿ ಕತ್ತರಿಸಿ ತಲೆ ಬಿಚ್ಚಿದೆ. ಒಳಗೆ ಸಾದಾ ಪಿಸ್ಟನ್. ಸಾದಾ ಅಂದರೆ ತೀರಾ ಸಾದಾ. ವರ್ಷಗಟ್ಟಲೆ ದುಡಿದು ಮಸಿ ಹಿಡಿದ, ಉಸಿರು ಕಟ್ಟಿದ ಎಂಜಿನ್. ಇದು ಪಂದ್ಯ ಗೆಲ್ಲುವುದಿರಲಿ, ಮರಿಕಾರನ್ನು ಕೆರೆ ಏರಿ ಹತ್ತಿಸಿದ್ದರೆ ಹೆಚ್ಚು.

ಗಾಳಿ ಎಳೆದುಕೊಳ್ಳುವ ಜಾಲರಿಯನ್ನು ಬಿಡಿಸಿ ಅಂಗೈ ಮೇಲೆ ಬಡಿದೆ. ಕೆರೆಯಂಗಳದಲ್ಲಿ ಓಡಿದ ಎಂಜಿನ್ನಾದರೆ ಬೂದು ಧೂಳು ಉದುರಬೇಕು. ಉದುರಿದ್ದು ಕಂದು ಹಿಟ್ಟು. ಮೂಸಿದೆ.

“ತೌಡು,” ಎಂದೆ.

ತಮ್ಮಯ್ಯ ಮೊಟ್ಟೆಯ ಮೇಲೆ ಒಂದಿಷ್ಟು ಹುಲ್ಲು ಎಳೆದ.

ಉಳಿದೆರಡರ ಜಾಲರಿಯಲ್ಲೂ ತೌಡೇ ಇತ್ತು. ಅಲ್ಲಿಗೆ ಸಂಗತಿ ತಿಳಿಯಿತು. ಇವು ಗೆದ್ದ ಎಂಜಿನ್ನುಗಳಲ್ಲ. ಗೆದ್ದದ್ದು ಬೇರೆ, ಒಂದೇ ಒಂದು, ಒಳಗೆ ಕಳ್ಳ ಸಾಮಾನು ತುಂಬಿದ್ದು. ಪ್ರತಿ ಸಲ ಗೆದ್ದಮೇಲೆ ಅದು ಗೆದ್ದವನ ಹತ್ತಿರವೇ ಉಳಿಯುತ್ತದೆ, ಗಿರಣಿಯಲ್ಲಿ ದುಡಿದು ಸೋತ ಮುದಿ ಎಂಜಿನ್ನೊಂದು ತಮ್ಮಯ್ಯನ ಕೊಟ್ಟಿಗೆಗೆ ಬರುತ್ತದೆ. ಬಿಚ್ಚಿ ನೋಡುವ ಹಕ್ಕು ಇವನಿಗೆ ಮಾತ್ರ, ಇವನೋ ಬಿಚ್ಚುವುದಿಲ್ಲ. ಬೇರೆಯವರ ಬಾಯಿ ಮುಚ್ಚಿಸಲು ಮೊದಲ ವೀಳ್ಯಕ್ಕಿಂತ ಒಳ್ಳೆಯ ಬೀಗ ಯಾವುದಿದೆ? ಕಳ್ಳನನ್ನು ಹಿಡಿಯಲು ಮಾಡಿದ ಕಟ್ಟಳೆಯನ್ನೇ ಕಳ್ಳ ಹೊದ್ದುಕೊಂಡು ಮಲಗಿದ್ದಾನೆ.

ಸೀಲಿನ ಮಾತು ಉಳಿಯಿತು. ಸೀಲು ಒತ್ತುವ ಇಕ್ಕಳ ಇರುವುದೇ ಒಂದು, ಅದು ದೊಡ್ಡತಾಯಮ್ಮನವರ ಕಬ್ಬಿಣದ ಪೆಟ್ಟಿಗೆಯಲ್ಲಿ. ನಂಜಪ್ಪ ಅಂಥದ್ದೇ ಇನ್ನೊಂದು ಮಾಡಿಸಿರಬೇಕು ಎಂದುಕೊಂಡೆ. ಅಷ್ಟು ಬೇಗ ತೀರ್ಮಾನಿಸಬಾರದಿತ್ತು.

ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಡಿಸಿದೆ. ಚೆನ್ನಯ್ಯನ ಕಾರಿನಿಂದ ತೆಗೆದ ಸೀಲಿನ ತಂತಿಯ ತುಂಡು.

“ಇದರ ತುದಿ ನೋಡು. ಇಕ್ಕಳದಲ್ಲಿ ಕತ್ತರಿಸಿದರೆ ಎರಡೂ ಕಡೆ ಚಪ್ಪಟೆಯಾಗುತ್ತದೆ. ಇದು ಒಂದೇ ಕಡೆ ಓರೆಯಾಗಿದೆ. ತುದಿಯಲ್ಲಿ ಕೆಂಪು ಕಲೆ. ಉಜ್ಜಿದರೂ ಹೋಗುವುದಿಲ್ಲ. ಅಡಿಕೆಯ ಕಲೆ ತಮ್ಮಯ್ಯ. ಇದನ್ನು ಅಡಕತ್ತರಿಯಲ್ಲಿ ಕತ್ತರಿಸಿದ್ದಾರೆ. ಎಲೆ ಅಡಿಕೆ ಹಿಡಿದುಕೊಂಡು ಅಲ್ಲಿಗೆ ಬಂದಿದ್ದವನು ನೀನು.”

ತಮ್ಮಯ್ಯನ ಮುಖ ಮೊದಲ ಸಲ ನೆಟ್ಟಗೆ ನನ್ನ ಕಡೆ ತಿರುಗಿತು. ಅವನು ಬಾಯಿ ಅಗಲಿಸಿ ತೋರಿಸಿದ. ಒಂದೂ ಹಲ್ಲಿಲ್ಲ.

“ಬರ್ಮಾದಾಗೆ ಲಾರಿ ಮಗುಚ್ಕಂಡಾಗ ಓದ್ವು ಸಾ. ಅಡಿಕೆ ಕಡಿಯೋಕೆ ಅಡಕತ್ತರಿ ಕಟ್ಕೊಂಡು ನಾನೇನ್ಮಾಡ್ಲಿ?” ಸೊಂಟದ ಚೀಲದಿಂದ ಪುಟ್ಟ ಹಿತ್ತಾಳೆ ಕುಟ್ಟಾಣಿ ತೆಗೆದು ಮುಂದೆ ಹಿಡಿದ. “ಪುಡಿ ತಕ್ಕಂಡು ಎಲೆ ಜೊತೆ ಇದ್ರಾಗೇ ಕುಟ್ಕೊಂಡು ಬಾಯಿಗಾಕ್ಕಂತೀನಿ. ಆ ಉಡ್ಗನ ಕಾರ್‌ನ ನಾನ್ ಮುಟ್ಟೂ ಇಲ್ಲ.”

ನಂಬಿದೆ. “ಹಾಗಾದರೆ ನೀನು ಎಂಜಿನ್ ಮೇಲೆ ಇಟ್ಟ ಅಡಿಕೆ ಎಲ್ಲಿಯದು?”

“ಕೊಟ್ರು, ಇಟ್ಟೆ.”

“ದುಡ್ಡು?”

“ಅದೂ ಕೊಟ್ರು.”

“ಯಾರು?”

ಅವನು ಕುಟ್ಟಾಣಿಯನ್ನು ಚೀಲಕ್ಕೆ ಹಾಕಿದ. “ಸಾ, ನಂಗೇಳಿದ್ದು ಇಷ್ಟೇ. ಯಾರೋ ಬೇರೇರು ಎಲೆ ಇಟ್ರೆ ನಂಜಪ್ನೋರ್ ಮರ್ವಾದೆ ಓಯ್ತದೆ, ಜಗಳಾಯ್ತದೆ. ಗೊತ್ತಿರೋನು ನೀನಿಟ್ಬುಡು, ತಣ್ಣಗೆ ಮುಗುದೋಯ್ತದೆ ಅಂದ್ರು. ಒಳ್ಳೇದೇ ಅಲ್ವಾ ಅಂದ್ಕೊಂಡೆ. ಇದ್ರಾಗೆ ಮೋಸ ಐತೆ ಅಂತ ನಂಗ್ಯಾಕ್ ಹೊಳೀಬೇಕು?”

ಇವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಕಡೆ ಅರ್ಧ ಅನ್ಯಾಯ ನಡೆಯುವುದೇ ಇನ್ನೊಬ್ಬರ ಮರ್ಯಾದೆ ಉಳಿಸುವ ಹೆಸರಿನಲ್ಲಿ.

“ಹೇಳಿದವರ ಹೆಸರು ಹೇಳು ತಮ್ಮಯ್ಯ.”

“ಹೊಳೆನರಸೀಪುರದ ಗಿರಣಿ ಅನ್ನ ತಿಂದಿದೀನಿ ಸಾ. ಲಾರಿ ಓಡ್ಸಿದೀನಿ. ಹೆಸ್ರು ಮಾತ್ರ ಕೇಳ್ಬ್ಯಾಡಿ.”

ಕೇಳುವುದೇನಿದೆ ಎಂದುಕೊಂಡೆ. ತೌಡು, ಗಿರಣಿ, ಹೊಳೆನರಸೀಪುರ. ನಂಜಪ್ಪನ ಹೆಸರನ್ನು ನನ್ನ ಮನಸ್ಸು ಆಗಲೇ ಬರೆದು ಕೆಳಗೆ ಗೆರೆ ಎಳೆದಿತ್ತು.

“ಚೆನ್ನಯ್ಯ ಕ್ಲೀನರ್ ಕೆಲಸ ಮಾಡುತ್ತಾನೆ,” ಎಂದೆ. “ಲೈಸೆನ್ಸ್ ಕೊಟ್ಟವನು ನಾನೇ. ಅವನಷ್ಟು ಚೆನ್ನಾಗಿ ಓಡಿಸುವವರು ಈ ಜಿಲ್ಲೆಯಲ್ಲಿ ಕಡಿಮೆ. ಆದರೂ ಯಾವ ಬಸ್ಸಿನ ಯಜಮಾನನೂ ಅವನಿಗೆ ಸ್ಟೇರಿಂಗ್ ಕೊಡುವುದಿಲ್ಲ. ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇವತ್ತು ಗೆದ್ದವನಿಗೆ ಅರಕಲಗೂಡು ರೂಟಿನ ಬಸ್ಸು ಕೊಡ್ತೀನಿ ಅಂತ ಯಜಮಾನರು ಎಲ್ಲರ ಎದುರು ಮಾತು ಕೊಟ್ಟಿದ್ದಾರೆ. ಕಳ್ಳ ಅನ್ನಿಸಿಕೊಂಡು ಹೋದರೆ ಅವನಿಗೆ ಇನ್ನು ಕ್ಲೀನರ್ ಕೆಲಸವೂ ಸಿಗುವುದಿಲ್ಲ.”

ತಮ್ಮಯ್ಯ ಗೋಡೆಯ ಗೂಟದಿಂದ ರುಮಾಲು ತೆಗೆದುಕೊಂಡ.

“ನನ್ನ ಎಲೆ ನಾನ್ ವಾಪಸ್ ತಕ್ಕಂತೀನಿ ಅಂತ ಎಲ್ರ ಮುಂದೆ ಹೇಳ್ತೀನಿ. ಅಷ್ಟೇಯ. ಅದಕ್ಕಿಂತ ಜಾಸ್ತಿ ಆಗಕಿಲ್ಲ.”

“ಅಷ್ಟು ಸಾಕು. ಅಡಕತ್ತರಿಯ ಮಾತು ಮಾತ್ರ ಯಾರ ಹತ್ತಿರವೂ ಎತ್ತಬೇಡ,” ಎಂದು ಮೋಟಾರ್ ಸೈಕಲಿನ ಹಿಂದೆ ಕೂರಿಸಿಕೊಂಡೆ.

ಚನ್ನರಾಯಪಟ್ಟಣ ಸೇರುವ ಹೊತ್ತಿಗೆ ಬಿಸಿಲು ನೆತ್ತಿಯಿಂದ ಇಳಿದಿತ್ತು. ಕೆರೆ ಏರಿಯ ತುಂಬ ಜನ. ಕೆಳಗೆ ಬಿರುಕು ಬಿಟ್ಟ ಅಂಗಳದಲ್ಲಿ ಸುಣ್ಣದ ಗೆರೆ ಹಾಕಿದ ಸುತ್ತು, ಸೀಮೆಣ್ಣೆಯ ವಾಸನೆ, ಒಂದು ಕಡೆ ಸಾಲಾಗಿ ನಿಂತ ಮರಿಕಾರುಗಳು.

ಚೆನ್ನಯ್ಯನ ಕಾರು ಎಲ್ಲಕ್ಕಿಂತ ದೂರದಲ್ಲಿತ್ತು. ಯಾರೂ ಹಾಗೆ ನಿಲ್ಲಿಸೆಂದು ಹೇಳಿರಲಿಲ್ಲವಂತೆ, ಅವನೇ ನಿಲ್ಲಿಸಿದ್ದ. ಪಕ್ಕದಲ್ಲಿ ಅವನ ಹೆಂಡತಿ ಲಕ್ಷ್ಮಿದೇವಮ್ಮ ಕಾರಿನ ತಗಡನ್ನು ಸೀರೆಯ ಸೆರಗಿನಿಂದ ಒರೆಸುತ್ತಿದ್ದಳು.

“ಓಡುಸ್ತೀನೋ ಇಲ್ವೋ ಗೊತ್ತಿಲ್ಲ, ಇವ್ಳು ಆಗ್ಲಿಂದ ಒರೆಸ್ತಾನೇ ಅವ್ಳೆ ಸಾ,” ಎಂದ ಚೆನ್ನಯ್ಯ. ನಗಲು ನೋಡಿದ, ಆಗಲಿಲ್ಲ. “ಇವತ್ತು ಗೆದ್ರೆ ಸ್ಟೇರಿಂಗು. ಇಲ್ಲಾಂದ್ರೆ ಮತ್ತೆ ಟಾಪ್ ಮೇಲೆ ಮೂಟೆ.”

“ಮೂಟೆ ಒತ್ತಾದ್ರೂ ಬದುಕಾನ,” ಎಂದಳು ಲಕ್ಷ್ಮಿದೇವಮ್ಮ ಒರೆಸುವುದನ್ನು ನಿಲ್ಲಿಸದೆ. “ಕಳ್ಳ ಅನ್ನಿಸ್ಕೊಂಡು ಬದುಕಾಕಾಯ್ತದಾ ಸಾ?”

ಏರಿಯ ಮೇಲಿನ ಹೊಂಗೆ ಮರದ ಕಡೆ ನಡೆದೆ.

ಮರದ ನೆರಳಿನಲ್ಲಿ ಜಮಖಾನ ಹಾಸಿತ್ತು. ನಡುವೆ ದೊಡ್ಡತಾಯಮ್ಮ, ಮಡಿಲಲ್ಲಿ ಎಲೆ ಅಡಿಕೆಯ ಸಂಚಿ. ಅವರಿಗೂ ನಂಜಪ್ಪನಿಗೂ ಮಾತು ಬಿಟ್ಟು ವರ್ಷಗಳೇ ಆಗಿವೆ. ಎದುರು ಬದುರು ಗಿರಣಿ, ಗಿರಾಕಿಗಳಿಗಾಗಿ ಜಗಳ. ಅದಕ್ಕೇ ಹೋದ ವಾರದ ತಕರಾರಿನ ಎಂಜಿನ್ನನ್ನು ಅವರ ಗಿರಣಿಯಲ್ಲೇ ಬೀಗ ಹಾಕಿಡಲು ಎಲ್ಲರೂ ಒಪ್ಪಿದ್ದರು. ನಂಜಪ್ಪನಿಗೆ ಆ ಬಾಗಿಲು ತೆರೆಯುವವರಲ್ಲ ಎಂಬ ನಂಬಿಕೆ ನನಗೂ ಇತ್ತು.

“ಏನ್ ಇನ್ಸ್‌ಪೆಕ್ಟ್ರೇ, ಸಿಕ್ತಾ ಏನಾರ?”

“ಒಂದು ಸಂಗತಿ ಸಿಕ್ಕಿದೆ ಅಮ್ಮ,” ಎಂದೆ ಎಲ್ಲರಿಗೂ ಕೇಳುವಂತೆ. “ಚೆನ್ನಯ್ಯನ ಸೀಲು ಕತ್ತರಿಸಿದ್ದು ವರ್ಕ್‌ಶಾಪಿನ ಸಾಮಾನಿನಿಂದಲ್ಲ. ಅವನ ಜೇಬಿನಲ್ಲೇ ತಂತಿ ಕತ್ತರಿಸುವ ಇಕ್ಕಳ ಇತ್ತು. ತನ್ನ ಸೀಲು ತಾನೇ ಕೀಳುವವನು ಅದನ್ನು ಬಿಟ್ಟು ಬೇರೆ ಯಾಕೆ ಹುಡುಕುತ್ತಿದ್ದ? ಕೀಳುವ ಅವಸರವಾದರೂ ಅವನಿಗೇನಿತ್ತು? ಆಗಷ್ಟೇ ವೀಳ್ಯ ಇಟ್ಟು ಗೆದ್ದ ಎಂಜಿನ್ ಪಡೆದಿದ್ದ. ಇದು ಬೇರೆಯವರ ಕೆಲಸ. ಯಾರದು ಅನ್ನೋದನ್ನ ಆಮೇಲೆ ಹೇಳ್ತೀನಿ.”

ನಂಜಪ್ಪ ಮರಕ್ಕೆ ಒರಗಿ ನಿಂತಿದ್ದ. ಬಿಳಿ ಷರಟು, ತೋಳಿಗೆ ಚಿನ್ನದ ಗುಂಡಿ. “ಹೇಳ್ರಲ್ಲಾ ಈಗ್ಲೇಯ,” ಎಂದ. “ಯಾರ್ ಬ್ಯಾಡಾಂದ್ರು?”

“ಹೇಳುವ ಹೊತ್ತಿಗೆ ಹೇಳ್ತೀನಿ ನಂಜಪ್ಪನೋರೇ. ನಿಮ್ಮ ಎಂಜಿನ್ ಚೆನ್ನಯ್ಯ ತೆಗೆದುಕೊಂಡರೆ ನಿಮಗೇನು ಕಷ್ಟ?”

“ಅವನಿಟ್ಟ ಎಲೆ ನಾನ್ ಎತ್ಬೇಕಾ?”

ಏರಿಯ ಮೇಲಿನ ಗದ್ದಲವೂ ಒಂದು ಕ್ಷಣ ನಿಂತಂತಾಯಿತು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ದೂರದಲ್ಲಿದ್ದ ಚೆನ್ನಯ್ಯನಿಗೂ ಕೇಳಿಸಿತು. ಅವನು ತಲೆ ತಗ್ಗಿಸಲಿಲ್ಲ, ಅದನ್ನು ಕಂಡು ನನಗೆ ಸಮಾಧಾನವಾಯಿತು.

ತಮ್ಮಯ್ಯ ಮುಂದೆ ಬಂದ. ರುಮಾಲನ್ನು ಕೈಯಲ್ಲಿ ಹಿಂಡುತ್ತಾ, ಯಾರ ಮುಖವನ್ನೂ ನೋಡದೆ, “ನಾನಿಟ್ಟ ಎಲೆ ನಂದಲ್ಲ. ವಾಪಸ್ ತಕ್ಕಂತೀನಿ,” ಎಂದು ಹೇಳಿ ಜನರ ನಡುವೆ ನುಗ್ಗಿ ಹೋಗಿಬಿಟ್ಟ.

ನಂಜಪ್ಪನ ಬಣ್ಣ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ಅವನು ದೊಡ್ಡತಾಯಮ್ಮನ ಕಡೆ ಕೂಡ ನೋಡಲಿಲ್ಲ, ತನ್ನ ಕೈಗಡಿಯಾರ ನೋಡಿಕೊಂಡ.

ದೊಡ್ಡತಾಯಮ್ಮ ಎದ್ದು ನಿಂತರು. “ಎಲೆಗೆ ಜಾತಿ ಇಲ್ಲ. ನನ್ ಕಟ್ಟಳೇಲಿ ಇಲ್ವೇ ಇಲ್ಲ. ಚೆನ್ನನ ವೀಳ್ಯ ಮೊದ್ಲು ಬಿದ್ದಿತ್ತು, ಎಂಜಿನ್ ಚೆನ್ನಂದೇ. ಲೇ ಚೆನ್ನ, ಬಾರ್ಲಾ ಇಲ್ಲಿ. ಎಂಜಿನ್ ನನ್ ಲಾರೀಲೇ ಐತೆ, ತಂದಿವ್ನಿ. ಇಳಿಸ್ಕೊ.”

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಚೆನ್ನಯ್ಯ ಓಡಿ ಬಂದು ಕೈ ಮುಗಿದ. “ಅಮ್ಮಾರೇ, ಬಿಚ್ಚಿ ನೋಡ್ಬುಟ್ಟು…”

“ಬಿಚ್ಚು, ನಿಂದೇ. ಆದ್ರೆ ಬಿಚ್ಚುದ್ರೆ ಸೀಲ್ ಓಯ್ತದೆ, ಇವತ್ತಿನ ಓಟಾನೂ ಓಯ್ತದೆ. ನಿನ್ ಹಳೇ ಎಂಜಿನ್ಗಂತೂ ಸೀಲಿಲ್ಲ. ಇವತ್ತು ಓಡ್ಸು, ನಾಳೆ ಬಿಚ್ಚು. ಏನಂತೀರಿ ಇನ್ಸ್‌ಪೆಕ್ಟ್ರೇ?”

ಚೆನ್ನಯ್ಯ ನನ್ನ ಮುಖ ನೋಡಿದ. ಬಿಚ್ಚದೆ ಹಾಕಿಕೊಳ್ಳುವುದು ಸರಿಯೇ ಎಂದು ಒಂದು ಕ್ಷಣ ಅನುಮಾನ ಬಂತು. ಆದರೆ ಸೀಲು ಗಟ್ಟಿಯಾಗಿತ್ತು, ಎಂಜಿನ್ ವಾರವೆಲ್ಲ ನಂಜಪ್ಪನ ಕೈಗೆ ಸಿಗದ ಕಡೆ ಇತ್ತು, ಬಸ್ಸಿನ ಯಜಮಾನರು ಮುಂದಿನ ಸಾಲಿನಲ್ಲೇ ಕೂತಿದ್ದರು. ಒಳಗೇನಿದ್ದರೂ ಹೋದ ವಾರ ಗೆದ್ದ ನಂಜಪ್ಪನ ತಲೆಗೇ ಬರುತ್ತದೆ, ನಾಳೆ ಬಿಚ್ಚಿ ತೋರಿಸಿದರಾಯಿತು ಎಂದುಕೊಂಡೆ.

“ಹಾಕಿಕೊ ಚೆನ್ನಯ್ಯ,” ಎಂದೆ.

ಅವನ ಕೈ ಬೋಲ್ಟುಗಳ ಮೇಲೆ ಆಡುವುದನ್ನು ನೋಡುವುದೇ ಒಂದು ಸುಖ. ಲಕ್ಷ್ಮಿದೇವಮ್ಮ ಸ್ಪ್ಯಾನರು ಒಂದೊಂದಾಗಿ ಎತ್ತಿಕೊಟ್ಟಳು. ಎಂಜಿನ್ ಕೂರಿಸಿ ಒಂದು ಸುತ್ತು ಹಾಕಿ ಬಂದು ಗಕ್ಕನೆ ನಿಲ್ಲಿಸಿದ. ಕಣ್ಣು ಹೊಳೆಯುತ್ತಿತ್ತು.

“ಎಳೀತದೆ ಸಾ. ಕೇಳೋದೇ ಬ್ಯಾಡ. ಕಾಲ್ ಮುಟ್ಸುದ್ರೆ ಸಾಕು.”

ಸಾದಾ ಎಂಜಿನ್ ಇಷ್ಟು ಎಳೆಯುವುದಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಆಡುವ ಮೊದಲೇ ಬಾವುಟ ಎತ್ತಿದರು. ಏಳು ಕಾರುಗಳು ಧೂಳೆಬ್ಬಿಸಿಕೊಂಡು ಹೊರಟವು. ಹತ್ತು ಸುತ್ತಿನ ಓಟ. ಎರಡನೆ ಸುತ್ತಿನಲ್ಲೇ ಚೆನ್ನಯ್ಯ ಮುಂದಕ್ಕೆ ಹೋದ. ಸಾದಾ ಎಂಜಿನ್ ತಂದಿದ್ದ ನಂಜಪ್ಪ ಅವಸರವೇ ಇಲ್ಲದವನಂತೆ ಹಿಂದೆ ಬರುತ್ತಿದ್ದ.

“ಕೂತ್ಕಳಿ ಇನ್ಸ್‌ಪೆಕ್ಟ್ರೇ. ಬಿಸ್ಲಲ್ಲಿ ಅಲ್ದಿದೀರಿ, ಎಲೆ ಆಕ್ಕಳಿ.” ದೊಡ್ಡತಾಯಮ್ಮ ಸಂಚಿ ಬಿಡಿಸಿ ಎರಡು ಎಲೆಗೆ ಸುಣ್ಣ ಸವರಿದರು. ಗೋಟಡಿಕೆಯೊಂದನ್ನು ತೆಗೆದು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ನನ್ನ ಅಂಗೈಗೆ ಹಾಕಿದರು. ಇದು ಅವರ ವಾಡಿಕೆ. ತೀರ್ಮಾನ ಹೇಳಿದ ಮೇಲೆ ಪಕ್ಕದಲ್ಲಿದ್ದವರಿಗೆಲ್ಲ ವೀಳ್ಯ ಕೊಡುತ್ತಾರೆ.

ಒಂದು ಹೋಳನ್ನು ಬಾಯಿಗೆ ಹಾಕಿಕೊಂಡೆ. ಕಣ್ಣು ಓಟದ ಮೇಲಿತ್ತು. ನಾಲಿಗೆ ಅಡಿಕೆಯ ಕೊಯ್ದ ಮೈ ಮೇಲೆ ಹಾದು ಹೋಯಿತು. ನುಣುಪಾಗಿರಬೇಕಾದ ಕಡೆ ಸಣ್ಣದೊಂದು ಏಣು.

ಮತ್ತೆ ಸವರಿದೆ. ಇತ್ತು.

ಅಂಗೈಯಲ್ಲಿದ್ದ ಇನ್ನೊಂದು ಹೋಳನ್ನು ನೋಡಿದೆ. ಕೊಯ್ದ ಮೈ ಮೇಲೆ ಅಂಚಿನಿಂದ ಅಂಚಿಗೆ ದಾರದಷ್ಟು ದಪ್ಪದ ಗೆರೆ ಉಬ್ಬಿ ನಿಂತಿತ್ತು. ಅಡಕತ್ತರಿಯ ಅಲಗಿನಲ್ಲಿ ಮುಕ್ಕು ಬಿದ್ದರೆ ಹೀಗಾಗುತ್ತದೆ. ಅಡಿಕೆ ಕತ್ತರಿಸಿದರೆ ಮುಕ್ಕು ಬೀಳುವುದಿಲ್ಲ. ಉಕ್ಕಿನ ತಂತಿ ಕತ್ತರಿಸಿದರೆ ಬೀಳುತ್ತದೆ.

ಪೊಟ್ಟಣ ಬಿಡಿಸಿ ತಂತಿಯ ತುಂಡನ್ನು ಆ ಗೆರೆಯ ಪಕ್ಕದಲ್ಲಿಟ್ಟೆ. ದಪ್ಪ ಒಂದೇ.

ಸೀಲಿನ ಇಕ್ಕಳ ಯಾರ ಪೆಟ್ಟಿಗೆಯಲ್ಲಿತ್ತು? ತೌಡು ಹಾರುವುದು ನಂಜಪ್ಪನ ಗಿರಣಿಯಲ್ಲಿ ಮಾತ್ರವೇ? ತಮ್ಮಯ್ಯ ಲಾರಿ ಓಡಿಸಿದ್ದು ಯಾರ ಗಿರಣಿಗೆ? ಹರಿದ ಸೀಲನ್ನು ಮೊದಲು ಕಂಡವರು ಯಾರು? ಎಲ್ಲವೂ ಬೆಳಗಿನಿಂದ ನನ್ನ ಕಣ್ಣೆದುರಿಗೇ ಬಿದ್ದಿತ್ತು. ಮಾತು ಬಿಟ್ಟವರು ಎಂದು ಊರೆಲ್ಲ ನಂಬಿದ್ದನ್ನು ನಾನೂ ನಂಬಿ ಕೂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತಲೆ ಎತ್ತಿದೆ. ಎಂಟನೆ ಸುತ್ತು. ನಂಜಪ್ಪ ಕಾರನ್ನು ಗೆರೆಯಿಂದಾಚೆ ತಿರುಗಿಸಿ, ಎಂಜಿನ್ ಆರಿಸಿ, ಇಳಿದು ನಿಧಾನವಾಗಿ ಮರದ ಕಡೆ ಬರುತ್ತಿದ್ದ. ಓಟ ಬಿಟ್ಟವನ ಮುಖದಲ್ಲಿ ಬೇಸರವೇ ಇರಲಿಲ್ಲ. ಷರಟಿನ ಜೇಬಿನಿಂದ ಎರಡು ಎಲೆ ತೆಗೆದ.

ದೊಡ್ಡತಾಯಮ್ಮ ಅವನ ಕಡೆ ನೋಡಲಿಲ್ಲ. ಓಟ ನೋಡುತ್ತಲೇ ಸಂಚಿಗೆ ಕೈ ಹಾಕಿ ಒಂದು ಅಡಿಕೆ ತೆಗೆದು ಪಕ್ಕಕ್ಕೆ ಚಾಚಿದರು. ನಂಜಪ್ಪ ಮಾತಿಲ್ಲದೆ ತೆಗೆದುಕೊಂಡು ಎಲೆಯ ಮೇಲಿಟ್ಟುಕೊಂಡ.

ಸೋತವನಿಗೆ ಗೆದ್ದವನ ಎಂಜಿನ್ ಮೇಲೆ ವೀಳ್ಯ ಇಡುವ ಹಕ್ಕಿದೆ. ಕೊಂಡವನಿಗೆ ಎಲ್ಲರೆದುರು ಬಿಚ್ಚುವ ಹಕ್ಕಿದೆ. ಒಳಗೆ ಏನು ಸಿಕ್ಕರೂ ತಪ್ಪು ಗೆದ್ದವನದು. ಈ ಸಲ ಮುದಿ ಎಂಜಿನ್ ಅದಲು ಬದಲಾಗಿ ಬಂದಿಲ್ಲ. ಇಬ್ಬರೂ ಸೇರಿ ಕಳ್ಳ ಎಂಜಿನ್ನನ್ನೇ ಸೀಲು ಸಮೇತ ಚೆನ್ನಯ್ಯನ ಬೆನ್ನಿಗೆ ಕಟ್ಟಿ ಕಳ್ಳನನ್ನಾಗಿ ಮಾಡಿದ್ದಾರೆ. ಹಾಕಿಕೊ ಎಂದು ಅಪ್ಪಣೆ ಕೊಟ್ಟವನು ನಾನು.

“ಯಾಕ್ ಇನ್ಸ್‌ಪೆಕ್ಟ್ರೇ, ಅಡಿಕೆ ಸೇರ್ಲಿಲ್ವಾ?” ದೊಡ್ಡತಾಯಮ್ಮನ ದನಿ ಮೆತ್ತಗಿತ್ತು.

ಎದ್ದು ಓಡಿದೆ. ಏರಿಯಿಂದ ಇಳಿದು, ಅಂಗಳ ದಾಟಿ, ಸುಣ್ಣದ ಗೆರೆಯ ಅಂಚಿಗೆ. ಹತ್ತನೆ ಸುತ್ತು ಶುರುವಾಗಿತ್ತು. ಚೆನ್ನಯ್ಯನ ಹಿಂದೆ ಅರ್ಧ ಸುತ್ತಿನಷ್ಟು ದೂರ ಯಾರೂ ಇರಲಿಲ್ಲ. ಗೆಲುವಿನ ಗೆರೆಯ ಬಳಿ ಲಕ್ಷ್ಮಿದೇವಮ್ಮ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಪಕ್ಕಕ್ಕೆ ನಂಜಪ್ಪ ವೀಳ್ಯ ಹಿಡಿದು ಬಂದು ನಿಂತ.

ನಾನು ಕೈ ಎತ್ತಿ ಬೀಸಿದೆ. ನಿಲ್ಲಿಸು ಎಂದು ಕೂಗಿದೆ. ಆರು ಎಂಜಿನ್ನಿನ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಚೆನ್ನಯ್ಯ ತಿರುವಿನಿಂದ ನೇರ ನನ್ನ ಕಡೆ ಬಂದ. ನನ್ನ ಕೈ ಕಂಡ. ಹುರಿದುಂಬಿಸುತ್ತಿದ್ದೇನೆ ಎಂದುಕೊಂಡಿರಬೇಕು. ಧೂಳು ಮೆತ್ತಿದ ಮುಖದಲ್ಲಿ ಬಾಯಿ ತುಂಬ ನಕ್ಕು, ಒಂದು ಕೈ ಎತ್ತಿ ನನಗೆ ತಿರುಗಿ ಬೀಸಿ, ಕಾಲನ್ನು ಇನ್ನಷ್ಟು ಒತ್ತಿದ.